ಐದು ಕಿಲೋಮೀಟರ್ ಓಟ: ಓಡುವವರಿಗೂ ದಾನಿಗಳಿಗೂ ಒಂದಿಷ್ಟು ಮಾಹಿತಿ



ಸಂಘದ ವೈದ್ಯಕೀಯ ನೆರವು ನಿಧಿಗಾಗಿ ಕಳೆದ ವರ್ಷ ನಮ್ಮ ಉಪನಗರದ ಐದು ಕಿಲೋಮೀಟರ್ ಓಟದಲ್ಲಿ ಭಾಗವಹಿಸಿದ್ದೆ. ಒಂದು ಕಿಲೋಮೀಟರಿಗೆ ಇಷ್ಟು ಎಂದು ಅನೇಕರು ಮೊದಲೇ ಮಾತು ಕೊಟ್ಟಿದ್ದಿರಿ. ಅಂದರೆ ನಾನು ಎಲ್ಲಿ ನಿಲ್ಲುತ್ತೇನೋ ನಿಧಿಗೆ ಬರುವ ಹಣವೂ ಅಲ್ಲಿಗೇ ನಿಲ್ಲುತ್ತಿತ್ತು. ಈ ವರ್ಷ ಇನ್ನೂ ಕೆಲವರು ಓಡಲು ಮುಂದೆ ಬಂದಿರುವುದರಿಂದ, ನನ್ನ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿಗೆ ಇದು ಹೊಸದಲ್ಲ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನಿನ ಜೊತೆಗೆ ನಡೆಯುವ ಸುಮಾರು ಆರು ಕಿಲೋಮೀಟರಿನ ಡ್ರೀಮ್ ರನ್‌ನಲ್ಲಿ, ಸೇವಾ ಸಂಸ್ಥೆಗಳಿಗಾಗಿ ದೇಣಿಗೆ ಕೂಡಿಸಿ ಓಡುವ ರೂಢಿ ಇದೆ. ನಮ್ಮದು ಅದರ ಪುಟ್ಟ ರೂಪ.

ನಾನು ಮಾಡಿದ ತಪ್ಪು ಮೊದಲ ಕಿಲೋಮೀಟರಿನಲ್ಲೇ. ಹುಡುಗರ ಜೊತೆ ಉತ್ಸಾಹದಿಂದ ಓಡಿಬಿಟ್ಟೆ. ದೇಹ ಪೂರೈಸಬಲ್ಲ ಆಮ್ಲಜನಕಕ್ಕಿಂತ ಹೆಚ್ಚಿನದನ್ನು ಸ್ನಾಯುಗಳು ಕೇಳತೊಡಗಿದರೆ ಬೇಗನೆ ಏದುಸಿರು ಬರುತ್ತದೆ, ಕಾಲು ಸೀಸದಂತೆ ಭಾರವಾಗುತ್ತದೆ. ಅದಕ್ಕೆ ಮುಂಬಯಿಯ ತೇವದ ಗಾಳಿಯೂ ಸೇರಿತು. ಇಲ್ಲಿ ಬೆವರು ಸುಲಭವಾಗಿ ಆರುವುದಿಲ್ಲ, ಮೈಯ ಬಿಸಿ ಹೊರಹೋಗುವುದಿಲ್ಲ. ಮೂರೂವರೆ ಕಿಲೋಮೀಟರಿನ ಹತ್ತಿರ ನಿಂತೇಬಿಟ್ಟೆ. ರಸ್ತೆಬದಿಯಲ್ಲಿದ್ದ ಸಂಘದ ಹಿರಿಯರೊಬ್ಬರು, "ಓಡಬೇಕೂಂತ ಇಲ್ಲ ಮಾರಾಯ್ರೆ, ನಡೀರಿ. ನಿಲ್ಲಬೇಡಿ ಅಷ್ಟೆ" ಅಂದರು. ನಡೆದೆ, ಉಸಿರು ಹತೋಟಿಗೆ ಬಂದ ಮೇಲೆ ನಿಧಾನವಾಗಿ ಓಡಿ ಮುಗಿಸಿದೆ.

ಈ ಸಲ ಓಡುವವರು ಎಂಟು ವಾರ ಮೊದಲೇ ಅಭ್ಯಾಸ ಶುರುಮಾಡಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ ಇದ್ದರೆ ಸಾಕು. ಮೊದಲಿಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಬರಬರುತ್ತಾ ಓಟ ಹೆಚ್ಚಿಸಿ. ಪಕ್ಕದವರೊಡನೆ ಮಾತಾಡುತ್ತಾ ಓಡಲು ಆದರೆ ವೇಗ ಸರಿಯಾಗಿದೆ ಎಂದರ್ಥ. ಓಟದ ದಿನ ಹೊಸ ಶೂ ಬೇಡ. ಎದೆಯ ಮೇಲೆ ಅಂಟಿಸಿಕೊಳ್ಳುವ ಬಿಬ್‌ನಲ್ಲಿ ಚಿಪ್ ಇದ್ದರೆ, ನೀವು ಆರಂಭದ ಗೆರೆ ದಾಟಿದಾಗಿನಿಂದ ನಿಮ್ಮ ಸಮಯದ ಲೆಕ್ಕ ಸಿಗುತ್ತದೆ. ಆದ್ದರಿಂದ ಮುಂದೆ ನುಗ್ಗುವ ಅವಸರ ಬೇಡ.

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಅಥವಾ ಮನೆತನದಲ್ಲಿ ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕಾಣಿರಿ. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ನೋವು ತೋಳಿಗೋ ದವಡೆಗೋ ಇಳಿದರೆ ಅಲ್ಲೇ ನಿಂತು ಸಹಾಯ ಕೇಳಿ. ಆಗ ಯಾವ ದೇಣಿಗೆಯ ಲೆಕ್ಕವೂ ಬೇಡ. ನೆರವು ಕೂಡಿಸಲು ಹೊರಟವರೇ ನೆರವು ಬೇಡುವಂತಾಗಬಾರದು.

ಇನ್ನು ದಾನಿಗಳಿಗೆ ಎರಡು ಮಾತು. ಓಟದ ಪ್ರವೇಶ ಶುಲ್ಕ ಆಯೋಜಕರಿಗೆ ಹೋಗುತ್ತದೆ, ಅದನ್ನು ಓಡುವವರೇ ಭರಿಸುತ್ತೇವೆ. ನಿಮ್ಮ ದೇಣಿಗೆ ಪೂರ್ತಿಯಾಗಿ ನಿಧಿಗೇ ಸೇರುತ್ತದೆ. ರಸೀದಿ ತಪ್ಪದೆ ಪಡೆಯಿರಿ.

ನಿಧಿಯಿಂದ ನೆರವು ಪಡೆಯುತ್ತಿರುವ ನಮ್ಮ ಸದಸ್ಯರೊಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಪೂರ್ತಿ ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರ ಮಾಡುವುದರಿಂದ, ಕಸಿ ಆಗುವವರೆಗೆ ಇದನ್ನು ನಿಲ್ಲಿಸುವಂತಿಲ್ಲ. ಮನವಿ ಪ್ರಕಟವಾದ ಮೊದಲ ತಿಂಗಳು ದೇಣಿಗೆ ಧಾರಾಳವಾಗಿ ಬಂತು, ಆಮೇಲೆ ಕಡಿಮೆಯಾಯಿತು. ನನ್ನ ಮೊದಲ ಕಿಲೋಮೀಟರಿನ ಕಥೆಯೇ ಇಲ್ಲೂ ಆಯಿತು.

ಆದ್ದರಿಂದ ಈ ವರ್ಷದ ವಿನಂತಿ ಬೇರೆ. ಐದು ಕಿಲೋಮೀಟರಿಗೆ ನೀವು ಕೊಡಬೇಕೆಂದಿರುವ ಮೊತ್ತವನ್ನು ಒಂದೇ ಸಲಕ್ಕೆ ಕೊಡದೆ, ತಿಂಗಳಿಗೊಂದು ಕಿಲೋಮೀಟರಿನಂತೆ ಐದು ಕಂತುಗಳಲ್ಲಿ ಕೊಡಿ. ಮೊತ್ತ ಚಿಕ್ಕದಾದರೂ ಸರಿ, ತಿಂಗಳು ತಪ್ಪದಿರಲಿ. ನಾವು ಓಡಿಯೋ ನಡೆದೋ ಗೆರೆ ಮುಟ್ಟುತ್ತೇವೆ. ನೀವು ಐದೂ ತಿಂಗಳು ನಮ್ಮ ಜೊತೆಗಿರಿ.