ಪೊಲೀಸರು ಹಿಡಿದುಕೊಂಡು ಹೋದರೆ

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಮ್ಮ ಬರುತ್ತಿದ್ದರು. ಒಂದು ವಾರ ಬರಲಿಲ್ಲ. ಯಾಕೆ ಅಂತ ಕೇಳಲು ನಾವು ಅವರ ಮನೆಗೆ ಹೋದೆವು. ಆಕೆ ಜಗುಲಿ ಮೇಲೆ ಕೂತಿದ್ದರು. ಕಿವಿಯಲ್ಲಿ ಓಲೆ ಇರಲಿಲ್ಲ.

ವಿಷಯ ಏನೆಂದರೆ, ಯಾರದೋ ತೋಟದ ಮನೆಯ ಅಟ್ಟದಿಂದ ಕೊಬ್ಬರಿ ಕಳುವಾಗಿತ್ತು. ಆ ಅಮ್ಮನ ಮಗ ಅಲ್ಲಿಗೆ ಕಾಯಿ ಸುಲಿಯುವ ಕೂಲಿಗೆ ಹೋಗಿದ್ದ. ಅವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅಮ್ಮ ಠಾಣೆಗೆ ಹೋಗಿ ಕೇಳಿದರು. "ಬರೀ ವಿಚಾರಣೆ, ನಾಳೆ ಬಾ" ಅಂದರು. ಮಾರನೆ ದಿನವೂ ಅದೇ ಮಾತು. ಮೂರನೆ ದಿನವೂ ಅದೇ. ನಡುವೆ ಒಬ್ಬರು ಬಂದು ಖಾಲಿ ಹಾಳೆ ಮೇಲೆ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನೊಬ್ಬ "ನಾನು ಬಿಡಿಸ್ತೀನಿ" ಅಂತ ದುಡ್ಡು ಕೇಳಿದ. ಓಲೆ ಅಡವಿಗೆ ಹೋಯಿತು. ದುಡ್ಡು ತೆಗೆದುಕೊಂಡವನು ಮತ್ತೆ ಮುಖ ತೋರಿಸಲಿಲ್ಲ.

"ನಮ್ಮಂಥೋರಿಗೆ ಯಾವ ವಕೀಲ ಬರ್ತಾನವ್ವ?" ಅಂತ ಆಕೆ ಕೇಳಿದರು.

ಬರುತ್ತಾರೆ. ಅದೂ ಒಂದು ರೂಪಾಯಿ ಇಲ್ಲದೆ. ಆದರೆ ಆ ದಿನ ನಮಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಪಾಠ ಹೇಳೋಕೆ ಹೋದವರು ನಾವು, ಸುಮ್ಮನೆ ನಿಂತುಬಿಟ್ಟೆವು. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು 24 ಗಂಟೆಯ ಮಾತು. ಪೊಲೀಸರು ಯಾರನ್ನಾದರೂ ಬಂಧಿಸಿದರೆ 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಗೆ ಹಿಡಿಯುವ ಹೊತ್ತನ್ನು ಮಾತ್ರ ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಇದು ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಯಾಕೆ ಬಂಧಿಸಿದರು ಅಂತ ಹೇಳಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಮನೆಯವರಿಗೆ ತಿಳಿಸಬೇಕು. ಬಂಧಿಸಿದ ಹೊತ್ತಿನಲ್ಲಿ ಒಂದು ಪತ್ರ ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಒಬ್ಬ ಮರ್ಯಾದಸ್ಥರೋ ಸಾಕ್ಷಿ ರುಜು ಹಾಕಬೇಕು. ತಾರೀಕು, ಗಂಟೆ ಎರಡೂ ಅದರಲ್ಲಿ ಇರಬೇಕು. ರುಜು ಮಾಡುವ ಮುಂಚೆ ಆ ಗಂಟೆ ಸರಿಯಾಗಿದೆಯಾ ನೋಡಿ. 24 ಗಂಟೆಯ ಲೆಕ್ಕ ಅಲ್ಲಿಂದಲೇ ಶುರು. ಮೂರು ದಿನ "ಬರೀ ವಿಚಾರಣೆ" ಅಂತ ಠಾಣೆಯಲ್ಲಿ ಕೂರಿಸುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ.

2025ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಮಾತು ಹೇಳಿತು. ಬಂಧನದ ಕಾರಣವನ್ನು ಬರೆದು ಕೊಡಬೇಕು. ಅದೂ ಬಂಧಿಸಿದವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಅಂದರೆ ನಮಗೆ ಕನ್ನಡದಲ್ಲಿ. ಆ ಕಾಗದವನ್ನು ಕೇಳಿ. ನಿಧಾನವಾಗಿ ಅಕ್ಷರ ಕೂಡಿಸಿ ಓದಿ. ಯಾರಾದರೂ ನಗಾಡಿದರೆ ನಗಾಡಲಿ.

ಖಾಲಿ ಹಾಳೆಗೆ ಮಾತ್ರ ರುಜು ಹಾಕಬೇಡಿ, ಹೆಬ್ಬೆಟ್ಟೂ ಬೇಡ. ಪೊಲೀಸರು ವಿಚಾರಣೆ ಮಾಡಿ ಬರೆದುಕೊಳ್ಳುವ ಹೇಳಿಕೆಗೆ, ಹೇಳಿದವರ ರುಜು ಬೇಕಾಗಿಯೇ ಇಲ್ಲ. ಪೊಲೀಸರ ಮುಂದೆ "ನಾನೇ ಮಾಡಿದೆ" ಅಂತ ಹೇಳಿದರೂ ಕೋರ್ಟಿನಲ್ಲಿ ಆ ಒಪ್ಪಿಗೆಯನ್ನು ರುಜುವಾತು ಅಂತ ಹಿಡಿಯುವುದಿಲ್ಲ. ಹೊಡೆದು ಒಪ್ಪಿಸಬಾರದು ಅಂತಲೇ ಹೀಗೆ ಮಾಡಿದ್ದಾರೆ.

ಹೆಣ್ಣುಮಕ್ಕಳಿಗೆ ಬೇರೆ ಕಟ್ಟಳೆಯೂ ಇದೆ. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವ ಹಾಗಿಲ್ಲ. ತೀರಾ ಬೇಕಾದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅಪ್ಪಣೆ ತಂದು ಬಂಧಿಸಬೇಕು. ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಸಾಕ್ಷಿ ಕೇಳಬೇಕು ಅಂತ ಹೆಂಗಸನ್ನು ಠಾಣೆಗೆ ಕರೆಸುವ ಹಾಗಿಲ್ಲ, ಅವರೇ ಮನೆಗೆ ಬರಬೇಕು.

ಈಗ ವಕೀಲರ ಮಾತಿಗೆ ಬರೋಣ. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಈ ಕಾಯ್ದೆಯ ಪ್ರಕಾರ ಯಾವ ಹೆಂಗಸಿಗಾದರೂ ಬಿಟ್ಟಿ ವಕೀಲರನ್ನು ಕೊಡಬೇಕು. ಆಕೆಗೆ ಎಷ್ಟು ಆದಾಯ, ಎಷ್ಟು ತೋಟ ಅಂತ ಕೇಳುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೂ ಹಾಗೇ. ಇನ್ನೊಂದು ಮುಖ್ಯ ಮಾತು: ಪೊಲೀಸರ ವಶದಲ್ಲೋ ಜೈಲಿನಲ್ಲೋ ಇರುವ ಯಾರಿಗಾದರೂ ಇದು ಸಿಗುತ್ತದೆ. ಗಂಡಸಾದರೂ ಸರಿ, ಯಾವ ಜಾತಿಯಾದರೂ ಸರಿ. ಆ ಅಮ್ಮನ ಮಗನಿಗೂ ಸಿಗಬೇಕಿತ್ತು.

ನಮ್ಮ ದಬ್ಬೇಘಟ್ಟದವರು ಹೋಗಬೇಕಾದದ್ದು ತುರುವೇಕೆರೆ ಕೋರ್ಟಿಗೆ. ಅಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ನ್ಯಾಯಾಧೀಶರೇ ಅದರ ಅಧ್ಯಕ್ಷರು. ಜಿಲ್ಲೆಯ ಪ್ರಾಧಿಕಾರ ತುಮಕೂರಿನಲ್ಲಿದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡಿಲ್ಲ. ಸಮಿತಿ ಕೊಟ್ಟ ವಕೀಲರಿಗೆ ಫೀಜು ಕೊಡುವುದು ಪ್ರಾಧಿಕಾರ. ಅವರು ನಿಮ್ಮ ಹತ್ತಿರ ಕೇಳಬಾರದು, ನೀವೂ ಕೊಡಬಾರದು. ಎಲ್ಲ ವಕೀಲರೂ ಒಂದೇ ಥರ ಇರಲ್ಲ, ಅದನ್ನೂ ಹೇಳಬೇಕು. ಬಿಟ್ಟಿ ಕೇಸು ಅಂತ ಕೆಲವರು ಅಸಡ್ಡೆ ಮಾಡುತ್ತಾರೆ. ಹಾಗಾದರೆ ಬೇರೆಯವರನ್ನು ಕೊಡಿ ಅಂತ ಸಮಿತಿಗೆ ಬರೆದು ಕೊಡಿ.

ಒಂದು ದಿನ ಕೇಂದ್ರದಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಒಬ್ಬ ಅಜ್ಜಿ ತಡೆದರು. "ಅಲ್ಲ ಮೇಷ್ಟ್ರೇ, ಕಳ್ಳನಿಗೂ ಸರ್ಕಾರದ ದುಡ್ಡಲ್ಲಿ ವಕೀಲನಾ?" ಅಂದರು. ಎಲ್ಲರೂ ನಕ್ಕರು. ಆದರೆ ಅಜ್ಜಿ ಕೇಳಿದ್ದು ಸಣ್ಣ ಮಾತಲ್ಲ.

ನಾವು ಕೇಳಿದೆವು: "ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗಿದೆಯಾ ಅಂತ ಹೇಗೆ ನೋಡ್ತೀರಿ?" "ಅಲ್ಲಾಡಿಸಿದ್ರೆ ಸದ್ದು ಬರ್ತದೆ" ಅಂದರು. "ಒಳಗೆ ಕೌಟು ಆಗಿದ್ರೆ?" "ಅದು ಒಡೆದು ನೋಡಿದ್ರೇ ಗೊತ್ತಾಗೋದು." ಕೋರ್ಟಿನ ಕೆಲಸವೂ ಅದೇ ಅಲ್ಲವೇ? ಪೊಲೀಸರು ಹೇಳುವುದು ಸದ್ದು. ಒಡೆದು ನೋಡುವುದಕ್ಕೆ ಇನ್ನೊಂದು ಕಡೆಯ ವಕೀಲ ಬೇಕು. ಅಜ್ಜಿ ಪೂರ್ತಿ ಒಪ್ಪಲಿಲ್ಲ. "ನೋಡಾನ" ಅಂದರು, ಅಷ್ಟೆ.

2008ರಲ್ಲಿ ಮುಂಬಯಿ ಮೇಲೆ ದಾಳಿ ಆಯಿತು. ಜೀವಂತ ಸಿಕ್ಕವನು ಕಸಾಬ್ ಒಬ್ಬನೇ. ಅವನಿಗೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಟ್ಟರು. 2012ರಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲು ಶಿಕ್ಷೆ ಖಾಯಂ ಮಾಡಿತು. ಅದೇ ತೀರ್ಪಿನಲ್ಲಿ, ಬಂಧಿಸಿದವರನ್ನು ಮೊದಲ ಸಲ ಕರೆತಂದಾಗ ವಕೀಲರ ಹಕ್ಕಿನ ಬಗ್ಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತಲೂ ಹೇಳಿತು.

ಅದಕ್ಕೂ ಮುಂಚೆ 1986ರಲ್ಲಿ ಅರುಣಾಚಲ ಪ್ರದೇಶದ ಒಂದು ಕೇಸು ಬಂದಿತ್ತು. ಸುಕ್ ದಾಸ್ ಎಂಬಾತನಿಗೆ 2 ವರ್ಷ ಶಿಕ್ಷೆ ಆಗಿತ್ತು. ಅವನಿಗೆ ವಕೀಲರೇ ಇರಲಿಲ್ಲ. ಬಿಟ್ಟಿ ವಕೀಲರು ಸಿಗುತ್ತಾರೆ ಅಂತ ಯಾರೂ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ. ಓದು ಬರಹ ಬಾರದ ಹಳ್ಳಿ ಜನ ತಮಗೆ ಗೊತ್ತೇ ಇಲ್ಲದ ಹಕ್ಕನ್ನು ಹೇಗೆ ಕೇಳಿಯಾರು ಅಂತ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು.

ಕೆಲವು ಕೇಸುಗಳು ನಮ್ಮ ಊರಿನ ಠಾಣೆಯದ್ದಲ್ಲ. ಕೇಂದ್ರ ಸರ್ಕಾರದ ಸಿಬಿಐ, ಎನ್‌ಐಎ ಅಂತ ಇವೆ. ಅವರ ಕೇಸು ನಡೆಯುವುದು ಹೆಚ್ಚಾಗಿ ಬೆಂಗಳೂರಿನಂಥ ಕಡೆಯ ವಿಶೇಷ ಕೋರ್ಟುಗಳಲ್ಲಿ. ಗಾಂಜಾ, ಭಯೋತ್ಪಾದನೆಯ ಕಾನೂನಿನಲ್ಲಿ ಜಾಮೀನು ಸಿಗುವುದೂ ಬಲು ಕಷ್ಟ. ಅಲ್ಲೂ 24 ಗಂಟೆಯ ಕಟ್ಟಳೆ ಇದೆ. ಅಲ್ಲೂ ಬಿಟ್ಟಿ ವಕೀಲರು ಇದ್ದಾರೆ.

ಇಂಥ ಕಾನೂನು ಬಡವರ ಮೇಲೆ ಹೇಗೆ ಬೀಳುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಥೆ ಇದೆ. ಅದು ವೀರಪ್ಪನ್ ಹುಡುಕಾಟದ ಕಾಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು. ಆಗ ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಅನ್ನುವ ಕೇಂದ್ರದ ಕಾನೂನು ಹಾಕಿದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಟಾಡಾದಲ್ಲಿ ದೊಡ್ಡ ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯೂ ರುಜುವಾತು ಆಗುತ್ತಿತ್ತು. 1995ರಲ್ಲಿ ಆ ಕಾನೂನೇ ಮುಗಿದುಹೋಯಿತು. ಕೇಸು ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ಕೋರ್ಟು ತೀರ್ಪು ಕೊಟ್ಟಿತು. ಹೆಚ್ಚಿನವರು ತಪ್ಪಿಲ್ಲ ಅಂತ ಬಿಡುಗಡೆ ಆದರು. ಅಷ್ಟರಲ್ಲಿ ಎಷ್ಟು ವರ್ಷ ಕಳೆದಿತ್ತು! ಜೈಲಿಗೆ ಹೋಗುವಾಗ ಮಡಿಲಲ್ಲಿದ್ದ ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿರುತ್ತದೆ.

ಕೆಲವರಿಗೆ ಶಿಕ್ಷೆ ಆಯಿತು. ಅವರಲ್ಲಿ 4 ಜನಕ್ಕೆ ಜೀವಾವಧಿ ಆಗಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲಿಗೆ ಏರಿಸಿತು. ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕಾಯುತ್ತಾ ಕೂತರು. ರಾಷ್ಟ್ರಪತಿಗಳಿಗೆ ಕೊಟ್ಟ ಕ್ಷಮೆಯ ಅರ್ಜಿ ವರ್ಷಗಟ್ಟಲೆ ಕೊಳೆಯಿತು. ಹೀಗೆ ತಡ ಮಾಡಿದ್ದು ತಪ್ಪು ಅಂತ ವಕೀಲರು ವಾದ ಮಾಡಿದರು. 2014ರ ಜನವರಿಯಲ್ಲಿ ಗಲ್ಲು ತಪ್ಪಿತು. ಕಡೆಯ ಗಳಿಗೆವರೆಗೂ ವಕೀಲರು ಬೇಕು ಅನ್ನುವುದು ಇದಕ್ಕೇ.

ಸಿಬಿಐ ಹೆಸರು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಈಗ ಮೊಬೈಲಿಗೆ ಕಳ್ಳರು ಫೋನ್ ಮಾಡುತ್ತಾರೆ. ವಿಡಿಯೋದಲ್ಲಿ ಪೊಲೀಸ್ ಬಟ್ಟೆ ತೋರಿಸುತ್ತಾರೆ. "ನಿನ್ನ ಆಧಾರ್ ಮೇಲೆ ಕೇಸಿದೆ, ಡಿಜಿಟಲ್ ಅರೆಸ್ಟ್ ಮಾಡಿದೀವಿ, ದುಡ್ಡು ಹಾಕು" ಅನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಫೋನಿನಲ್ಲಿ ಯಾರೂ ಯಾರನ್ನೂ ಬಂಧಿಸಲು ಆಗಲ್ಲ. ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಹೇಳಿ.

ಜಾಮೀನಿನ ಬಗ್ಗೆ ಎರಡು ಮಾತು. ಸಣ್ಣ ಕೇಸಿನಲ್ಲಿ ಜಾಮೀನು ಕೇಳುವುದು ಹಕ್ಕು. ಕೋರ್ಟಿನಲ್ಲಿ ಸಾಮಾನ್ಯವಾಗಿ ಪಹಣಿ ಇರುವ ಜಾಮೀನುದಾರರನ್ನು ಕೇಳುತ್ತಾರೆ. ಪಹಣಿ ಇಲ್ಲದ ಕೂಲಿಯವರು ಎಲ್ಲಿಂದ ತರಬೇಕು? ಇಂಥ ಸಣ್ಣ ಕೇಸಿನಲ್ಲಿ ಒಂದು ವಾರದೊಳಗೆ ಜಾಮೀನು ಒದಗಿಸಲು ಆಗದಿದ್ದರೆ, ಅವರನ್ನು ಬಡವರು ಅಂತ ಎಣಿಸಿ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಕಾನೂನಿದೆ. ದೊಡ್ಡ ಕೇಸಿನಲ್ಲೂ ಪೊಲೀಸರು 60 ದಿನದಲ್ಲಿ, ಕೆಲವಕ್ಕೆ 90 ದಿನದಲ್ಲಿ ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಕೇಳಬಹುದು. ಭಯೋತ್ಪಾದನೆಯಂಥ ಕೆಲವು ಕೇಸಿಗೆ ಮಾತ್ರ ಇದು 180 ದಿನದವರೆಗೂ ಹೋಗುತ್ತದೆ. ದಿನ ಎಣಿಸುವ ಕೆಲಸ ಮನೆಯಲ್ಲಿ ನೀವೇ ಮಾಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆ ಅಮ್ಮನ ಮಗನಿಗೆ ಕಡೆಗೆ ಸಮಿತಿಯ ವಕೀಲರು ಸಿಕ್ಕರು. ಜಾಮೀನು ಆಯಿತು. ಕೇಸು ಎರಡು ವರ್ಷ ಎಳೆಯಿತು. ಸಾಕ್ಷಿ ನಿಲ್ಲಲಿಲ್ಲ, ಬಿಟ್ಟರು. ಓಲೆ ವಾಪಸ್ಸು ಬರಲಿಲ್ಲ.

ಅರ್ಜಿಯನ್ನು ಬಿಳಿ ಹಾಳೆ ಮೇಲೆ ಹೀಗೆ ಬರೆಯಬಹುದು. ಒಂದು ಸಲ ನೋಡಿ ಬರೆಯಿರಿ, ಆಮೇಲೆ ಪುಸ್ತಕ ಮುಚ್ಚಿ ಬರೆಯಿರಿ.

ಅಧ್ಯಕ್ಷರು, ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ತುರುವೇಕೆರೆ, ಇವರಿಗೆ.
ನನ್ನ ಮಗನನ್ನು ............ ತಾರೀಕು ............ ಗಂಟೆಗೆ ............ ಠಾಣೆಯವರು ಬಂಧಿಸಿದ್ದಾರೆ. ವಕೀಲರನ್ನು ಇಡಲು ನಮಗೆ ಶಕ್ತಿ ಇಲ್ಲ. ಉಚಿತವಾಗಿ ವಕೀಲರನ್ನು ಕೊಡಬೇಕೆಂದು ಕೇಳುತ್ತೇನೆ.
ಇಂತಿ, ............
ಊರು: ದಬ್ಬೇಘಟ್ಟ