ಮೂರು ಜಲಪಾತ, ನೂರು ತಕರಾರು

ನಯಾಗರಾ ನೋಡಲು ಅಮೆರಿಕಕ್ಕೆ ಹೋದ ನಮ್ಮವರಲ್ಲಿ ಹೆಚ್ಚಿನವರು ಜೆನೆಸೀ ನದಿಯ ಹೆಸರನ್ನೂ ಕೇಳದೆ ವಾಪಸಾಗುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಉತ್ತರಾಭಿಮುಖವಾಗಿ ಹರಿದು, ರಾಚೆಸ್ಟರ್ ನಗರ ದಾಟಿ ಒಂಟಾರಿಯೊ ಸರೋವರ ಸೇರುವ ನದಿ ಇದು. ನಯಾಗರಾದಿಂದ ಕಾರಿನಲ್ಲಿ ಒಂದೂವರೆ ಗಂಟೆ ಬಂದರೆ, ಹೊಲಗದ್ದೆಗಳ ನಡುವೆ ನೆಲ ಇದ್ದಕ್ಕಿದ್ದಂತೆ ಬಾಯ್ದೆರೆಯುತ್ತದೆ. ಅದೇ ಲೆಚ್‌ವರ್ತ್ ಸ್ಟೇಟ್ ಪಾರ್ಕ್. ಸುಮಾರು 17 ಮೈಲಿ ಉದ್ದ, 14 ಸಾವಿರ ಎಕರೆಗೂ ಮಿಕ್ಕಿದ ಹರಹು, ಕೆಲವೆಡೆ 550 ಅಡಿ ಎತ್ತರದ ಬಂಡೆಗೋಡೆ, ನಡುವೆ ಮೂರು ದೊಡ್ಡ ಜಲಪಾತಗಳು. ‘ಪೂರ್ವದ ಗ್ರ್ಯಾಂಡ್ ಕ್ಯಾನ್ಯನ್’ ಎಂಬ ಬಿರುದೂ ಇದಕ್ಕಿದೆ.

ಕಮರಿಯ ಅಂಚಿನಲ್ಲಿ ನಿಂತವರಿಗೆ ಇದು ಮನುಷ್ಯರ ಕೈ ಸೋಕದ ಜಾಗವೆಂದೇ ತೋರುತ್ತದೆ. ಆದರೆ ಮರ ಕಡಿದವರು, ಸಾಮಿಲ್ ಹಾಕಿದವರು, ಕಾಲುವೆ ತೋಡಿದವರು, ರೈಲು ಓಡಿಸಿದವರು, ಅಣೆಕಟ್ಟಿಗೆ ಜಾಗ ಗುರುತಿಸಿದವರು ಎಲ್ಲರೂ ಇಲ್ಲಿಗೆ ಬಂದು ಹೋಗಿದ್ದಾರೆ. ಇವರ ನಡುವಿನ ಜಗ್ಗಾಟದಲ್ಲಿ ಒಬ್ಬ ವ್ಯಾಪಾರಿಯ ಹಠ ಗೆದ್ದಿದ್ದರಿಂದ ಜಲಪಾತ ಉಳಿದಿದೆ.

ಹಿಮ ಮುಚ್ಚಿದ ಹಳೆಯ ದಾರಿ

ಕಮರಿಯ ಬಂಡೆಗಳಿಗೆ ಸುಮಾರು 37 ಕೋಟಿ ವರ್ಷ. ಡೆವೋನಿಯನ್ ಯುಗದ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕೆಸರು, ಮರಳು ಗಟ್ಟಿಗೊಂಡು ಶೇಲ್ ಮತ್ತು ಮರಳುಗಲ್ಲುಗಳಾದವು. ಕಮರಿಯ ವಯಸ್ಸು ಮಾತ್ರ ತೀರಾ ಕಡಿಮೆ. ಹಿಮಯುಗಕ್ಕೆ ಮುಂಚೆ ನದಿ ಇಲ್ಲಿ ಹರಿಯುತ್ತಲೇ ಇರಲಿಲ್ಲ. ಈಗಿನ ಪೋರ್ಟೇಜ್‌ವಿಲ್ ಊರಿನ ಬಳಿ ಹೊರಳಿ, ನುಂಡಾ ಕಡೆಯ ಅಗಲ ಕಣಿವೆಯಲ್ಲಿ ಸಾಗುತ್ತಿತ್ತು. ಹಿಮನದಿ ಹಿಂದೆ ಸರಿಯುವಾಗ, ಹೊತ್ತು ತಂದಿದ್ದ ಮಣ್ಣು, ಜಲ್ಲಿ, ಕಲ್ಲುಗುಂಡುಗಳನ್ನೆಲ್ಲ ಸುರಿದು ಆ ದಾರಿಯನ್ನು ಮುಚ್ಚಿಬಿಟ್ಟಿತು. ದಾರಿ ತಪ್ಪಿದ ನದಿ ಎದುರಿಗಿದ್ದ ಬಂಡೆಯನ್ನೇ ಕೊರೆಯತೊಡಗಿತು. ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ ಆದ ಕೆಲಸ ಇದು. ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಮಾತು.

ಕೊರೆತ ಇಂದಿಗೂ ನಡೆದಿದೆ. ಗೋಡೆಯನ್ನು ಹತ್ತಿರದಿಂದ ನೋಡಿದರೆ ಲೆಕ್ಕ ಸಿಗುತ್ತದೆ: ಬೂದುಬಣ್ಣದ ಶೇಲ್ ಹಾಳೆ ಹಾಳೆಯಾಗಿ ಬಿಟ್ಟುಕೊಂಡು ಬುಡದಲ್ಲಿ ಪುಡಿಯಾಗಿ ಬಿದ್ದಿರುತ್ತದೆ, ಅದರ ಮೇಲಿನ ಮರಳುಗಲ್ಲಿನ ಪದರ ಆಸರೆ ಕಳೆದುಕೊಂಡು ಮುಂದಕ್ಕೆ ಚಾಚಿಕೊಂಡಿರುತ್ತದೆ. ಒಂದು ದಿನ ಅದೂ ಮುರಿದು ಬೀಳುತ್ತದೆ, ಜಲಪಾತ ಅಷ್ಟು ಹಿಂದಕ್ಕೆ ಸರಿಯುತ್ತದೆ. ಮೇಲಿನ ಜಲಪಾತ ಕುದುರೆ ಲಾಳದ ಆಕಾರದ್ದು, ಸುಮಾರು 70 ಅಡಿ. ನಡುವಿನದು 107 ಅಡಿ ಎತ್ತರ, 285 ಅಡಿ ಅಗಲ; ಮೂರರಲ್ಲಿ ದೊಡ್ಡದು. ಕೆಳಗಿನದನ್ನು ನೋಡಲು ಕಲ್ಲಿನ ಮೆಟ್ಟಿಲು ಇಳಿಯಬೇಕು.

ಮೇರಿ ಜೆಮಿಸನ್ ಬಿಟ್ಟುಹೋಗದ ನೆಲ

ಇದು ಮೂಲನಿವಾಸಿಗಳಾದ ಸೆನೆಕಾ ಜನರ ನಾಡು. ಅಮೆರಿಕದ ಸ್ವಾತಂತ್ರ್ಯ ಸಮರದ ನಡುವೆ, 1779ರಲ್ಲಿ, ಜನರಲ್ ಸಲಿವನ್‌ನ ಸೇನೆ ಅವರ ಹಳ್ಳಿಗಳನ್ನೂ ಕೊಯ್ಲಿಗೆ ಬಂದ ಮೆಕ್ಕೆಜೋಳವನ್ನೂ ಸುಟ್ಟುಹಾಕಿತು. ಆಗ ಮಕ್ಕಳನ್ನು ಕಟ್ಟಿಕೊಂಡು ಈ ಕಮರಿಯ ಗಾರ್ಡೋ ಬಯಲಿಗೆ ಬಂದವಳು ಮೇರಿ ಜೆಮಿಸನ್. ಅವಳು ಹುಟ್ಟಿನಿಂದ ಬಿಳಿಯಳು. ಅಮೆರಿಕಕ್ಕೆ ಹೊರಟ ಹಡಗಿನಲ್ಲೇ ಹುಟ್ಟಿದವಳು. 1750ರ ದಶಕದ ಯುದ್ಧದಲ್ಲಿ, ಹದಿಹರೆಯದಲ್ಲಿ ಸೆರೆಸಿಕ್ಕಳು. ಸೆನೆಕಾ ಮನೆಯೊಂದು ಅವಳನ್ನು ಮಗಳಾಗಿ ತೆಗೆದುಕೊಂಡಿತು. ಮುಂದೆ ಬಿಳಿಯರ ಬಳಿಗೆ ಮರಳುವ ಅವಕಾಶ ಬಂದಾಗಲೂ ಅವಳು ಹೋಗಲಿಲ್ಲ.

ಗಾರ್ಡೋದಲ್ಲಿ ಆಗ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಇಬ್ಬರು ಕಪ್ಪುಜನ ಜೋಳ ಬೆಳೆದಿದ್ದರು. ಆ ಚಳಿಗಾಲ ಅವರ ತೆನೆ ಸುಲಿದುಕೊಟ್ಟು, ಕೂಲಿಯಾಗಿ ಬಂದ ಜೋಳದಲ್ಲಿ ಮಕ್ಕಳ ಹೊಟ್ಟೆ ಹೊರೆದೆ ಎಂದು ಅವಳೇ ಮುದಿವಯಸ್ಸಿನಲ್ಲಿ ಹೇಳಿಕೊಂಡಿದ್ದಾಳೆ. ಅವಳ ಬಾಯಿಂದ ಕೇಳಿ ಜೇಮ್ಸ್ ಸೀವರ್ ಬರೆದ ಜೀವನಕಥೆ 1824ರಲ್ಲಿ ಅಚ್ಚಾಯಿತು. 1797ರ ಬಿಗ್ ಟ್ರೀ ಒಪ್ಪಂದದಲ್ಲಿ ಸೆನೆಕಾ ಜನ ನದಿಯ ಪಶ್ಚಿಮದ ಬಹುಪಾಲು ನೆಲ ಕಳೆದುಕೊಂಡಾಗಲೂ ಗಾರ್ಡೋದ ಸುಮಾರು 18 ಸಾವಿರ ಎಕರೆ ಅವಳ ಹೆಸರಿಗೆ ಉಳಿಯಿತು. ಕೊನೆಗೆ ಅದೂ ಕೈಬಿಟ್ಟು, 1833ರಲ್ಲಿ ಬಫಲೊ ಬಳಿಯ ಸೆನೆಕಾ ನೆಲೆಯಲ್ಲಿ ಅವಳು ತೀರಿಕೊಂಡಳು.

ಈಗ ಅವಳ ಸಮಾಧಿ ಉದ್ಯಾನದೊಳಗೇ ಇದೆ. 1874ರಲ್ಲಿ ಅಸ್ಥಿಗಳನ್ನು ಇಲ್ಲಿಗೆ ತಂದು ಮಣ್ಣು ಮಾಡಲಾಯಿತು. 1910ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ಅವಳದು ಸೆನೆಕಾ ಉಡುಪು, ಬೆನ್ನಿಗೆ ಕಟ್ಟಿದ ಕೂಸು, ಮುಂದಿಟ್ಟ ಹೆಜ್ಜೆ. ಇದನ್ನೆಲ್ಲ ಮಾಡಿಸಿದಾತ ಮೊದಲು ಹೇಳಿದ ಆ ವ್ಯಾಪಾರಿ, ವಿಲಿಯಂ ಪ್ರಯರ್ ಲೆಚ್‌ವರ್ತ್. ಸೆನೆಕಾ ಜನರ ಹಳೆಯ ಸಭಾಮಂದಿರವನ್ನೂ ಆತ ಬಿಚ್ಚಿಸಿ ತಂದು ಇಲ್ಲಿ ಕಟ್ಟಿಸಿದ. 1872ರಲ್ಲಿ ಅವರ ಮುಖಂಡರನ್ನು ಕರೆಸಿ ಸಭೆಯನ್ನೂ ಸೇರಿಸಿದ. ಸಭಾಮಂದಿರ ಮರಳಿತು, ನೆಲ ಮರಳಲಿಲ್ಲ. ಉದ್ಯಾನದ ಚರಿತ್ರೆ ಹೇಳುವವರು ಈ ಎರಡನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ.

ಜೀನು ಸಾಮಾನಿನ ವ್ಯಾಪಾರಿ

ಲೆಚ್‌ವರ್ತ್ ಬಫಲೊ ನಗರದಲ್ಲಿ ಕುದುರೆ ಜೀನಿನ ಲೋಹದ ಸಾಮಾನು ಮಾಡಿ ಹಣ ಕಂಡವನು, ಕ್ವೇಕರ್ ಮನೆತನದವನು. 1852ರಲ್ಲಿ ಈರಿ ರೈಲು ಕಂಪನಿ ಮೇಲಿನ ಜಲಪಾತದ ನೆತ್ತಿಯಲ್ಲೇ, ನದಿಯಿಂದ 230 ಅಡಿಗೂ ಎತ್ತರದಲ್ಲಿ, ಮರದ ಸೇತುವೆ ಕಟ್ಟಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಕಮರಿಗೆ ಮರುಳಾದ ಲೆಚ್‌ವರ್ತ್ 1859ರಲ್ಲಿ ನಡುವಿನ ಜಲಪಾತದ ಎದುರಿನ ಜಮೀನು ಕೊಂಡ. ಆಗ ಅಲ್ಲಿದ್ದದ್ದು ಮರ ಕಡಿದು ಬೋಳಾದ ದಿಬ್ಬಗಳು. ಗಿಡ ನೆಡಿಸಿದ, ದಾರಿ ಮಾಡಿಸಿದ, ಅಕ್ಕಪಕ್ಕದ ತುಂಡುಗಳನ್ನು ಕೊಳ್ಳುತ್ತಾ ಹೋಗಿ ಸಾವಿರ ಎಕರೆ ಕೂಡಿಸಿದ. ಐವತ್ತರ ವಯಸ್ಸಿಗೇ ವ್ಯಾಪಾರ ಬಿಟ್ಟು, ಅನಾಥ ಮಕ್ಕಳು, ಮಾನಸಿಕ ರೋಗಿಗಳು, ಮೂರ್ಛೆರೋಗಿಗಳ ಆರೈಕೆಯ ಸುಧಾರಣೆಗೆ ತನ್ನನ್ನು ಕೊಟ್ಟುಕೊಂಡ.

ಮರದ ಸೇತುವೆ 1875ರ ಮೇ ತಿಂಗಳಲ್ಲಿ ಸುಟ್ಟು ಬೂದಿಯಾಯಿತು. ಮೂರು ತಿಂಗಳೊಳಗೆ ಕಬ್ಬಿಣದ ಸೇತುವೆ ಎದ್ದು ನಿಂತಿತು. ಅದು 2017ರವರೆಗೂ ದುಡಿದು, ಈಗಿನ ಉಕ್ಕಿನ ಕಮಾನು ಸೇತುವೆಗೆ ಜಾಗ ಬಿಟ್ಟುಕೊಟ್ಟಿತು.

ರೈಲಿನಿಂದ ಜಲಪಾತಕ್ಕೆ ಧಕ್ಕೆ ಬರಲಿಲ್ಲ. ಧಕ್ಕೆ ಬರುವಂತಿದ್ದದ್ದು ವಿದ್ಯುತ್ತಿನಿಂದ. 1890ರ ದಶಕದಲ್ಲಿ ನಯಾಗರಾದ ನೀರು ಬಫಲೊಗೆ ದೀಪ ಹಚ್ಚಿದ ಮೇಲೆ, ಬೀಳುವ ನೀರೆಲ್ಲ ಹಣವಾಗಿ ಕಾಣತೊಡಗಿದ ಕಾಲ ಅದು. ನಮ್ಮ ಶಿವನಸಮುದ್ರವೂ ಅದೇ ಹೊತ್ತಿನದು: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಆ ಕೇಂದ್ರದ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್, ಅಂದರೆ ಇದೇ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಕಂಪನಿ. ಜೆನೆಸೀ ನದಿಗೂ 1898ರಲ್ಲಿ ಒಂದು ಕಂಪನಿ ಹುಟ್ಟಿಕೊಂಡಿತು. ಪೋರ್ಟೇಜ್ ಬಳಿ ಅಣೆಕಟ್ಟು ಕಟ್ಟಿ ನೀರು ಹಿಡಿದಿಡುವ ಪರವಾನಗಿ ಅದರ ಕೈಯಲ್ಲಿತ್ತು. ಕಟ್ಟಿದ್ದರೆ ಜಲಪಾತದ ಬಾಗಿಲ ಬೀಗದ ಕೈ ಕಂಪನಿಯ ಸೊಂಟಕ್ಕೆ ಹೋಗುತ್ತಿತ್ತು.

ಕೆಲವೇ ವರ್ಷಗಳಲ್ಲಿ ಲೆಚ್‌ವರ್ತ್‌ಗೆ ಎಂಬತ್ತು ದಾಟಿತು. ಖಾಸಗಿ ಜಮೀನಾಗಿ ಉಳಿದರೆ ತನ್ನ ನಂತರ ಯಾರ ಪಾಲೋ ಎಂಬ ಲೆಕ್ಕ ಹಾಕಿದ ಆತ, ಪೂರ್ತಿ ಎಸ್ಟೇಟನ್ನು ರಾಜ್ಯಕ್ಕೆ ಬರೆದುಕೊಟ್ಟ. ಬದುಕಿರುವವರೆಗೆ ವಾಸದ ಹಕ್ಕು ತನಗೆ, ಆಮೇಲೆ ಸಾರ್ವಜನಿಕ ಉದ್ಯಾನ. 1907ರ ಜನವರಿಯಲ್ಲಿ ಗವರ್ನರ್ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಸಹಿ ಹಾಕಿದರು. ಒಬ್ಬ ಮುದುಕನ ಜಮೀನು ಕೊಳ್ಳುವುದು ಕಂಪನಿಗೆ ಕಷ್ಟವಿರಲಿಲ್ಲ. ಜನರ ಉದ್ಯಾನದ ಜಲಪಾತಕ್ಕೆ ಕೈಹಾಕಲು ಜನರಿಗೇ ಉತ್ತರ ಹೇಳಬೇಕಿತ್ತು. 1910ರ ಡಿಸೆಂಬರ್‌ನಲ್ಲಿ ಲೆಚ್‌ವರ್ತ್ ತೀರಿಕೊಂಡ. ಪೋರ್ಟೇಜ್ ಅಣೆಕಟ್ಟು ಮೇಲೇಳಲೇ ಇಲ್ಲ. ಆತ ವಾಸವಿದ್ದ ಗ್ಲೆನ್ ಐರಿಸ್ ಮನೆ 1914ರಿಂದ ಅತಿಥಿಗೃಹವಾಗಿದೆ.

ಕೆಳಗೆ ಕಟ್ಟಿದ ಅಣೆಕಟ್ಟು

ಹಾಗಂತ ಈ ಕಮರಿಗೆ ಅಣೆಕಟ್ಟೇ ಬರಲಿಲ್ಲವೆಂದಲ್ಲ. ನದಿ ಉಕ್ಕಿದಾಗಲೆಲ್ಲ ಕೆಳಗಿನ ರಾಚೆಸ್ಟರ್ ನಗರ ಮುಳುಗುತ್ತಿತ್ತು. 1865ರ ನೆರೆ ನಗರದ ನಡುಭಾಗವನ್ನೇ ನುಂಗಿತ್ತು. ಕೊನೆಗೆ ಸೇನೆಯ ಎಂಜಿನಿಯರುಗಳ ವಿಭಾಗ 1948ರಿಂದ 1952ರವರೆಗೆ ಕಮರಿಯ ಉತ್ತರ ತುದಿಯಲ್ಲಿ ಮೌಂಟ್ ಮಾರಿಸ್ ಅಣೆಕಟ್ಟು ಕಟ್ಟಿತು. ಇದು ವಿದ್ಯುತ್ತಿಗಲ್ಲ, ನೀರಾವರಿಗೂ ಅಲ್ಲ. ಮಾಮೂಲಿ ದಿನಗಳಲ್ಲಿ ನದಿ ತನ್ನ ಪಾಡಿಗೆ ಬುಡದ ತೂಬುಗಳಲ್ಲಿ ಹರಿದು ಹೋಗುತ್ತದೆ, ಹಿಂದೆ ಜಲಾಶಯ ನಿಂತಿರುವುದಿಲ್ಲ. ನೆರೆ ಬಂದಾಗ ಮಾತ್ರ ಗೇಟು ಇಳಿಸುತ್ತಾರೆ. ಪೂರ್ತಿ ತುಂಬಿದರೆ ನೀರು ಕಮರಿಯೊಳಗೆ 17 ಮೈಲಿ ಹಿಂದಕ್ಕೆ ನಿಲ್ಲುತ್ತದೆ.

1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆ ಸುರಿದಾಗ ಅದರ ಪರೀಕ್ಷೆಯಾಯಿತು. ಅಣೆಕಟ್ಟು ತುಂಬುವ ಹಂತಕ್ಕೆ ಬಂದು, ಎಂಜಿನಿಯರುಗಳು ಗೇಟು ಎತ್ತಿ ನೀರು ಬಿಡಲೇಬೇಕಾಯಿತು. ಕೆಳಗಿನ ಹೊಲಗಳಿಗೆ ನೀರು ನುಗ್ಗಿತು; ರಾಚೆಸ್ಟರ್ ದೊಡ್ಡ ಅನಾಹುತದಿಂದ ಪಾರಾಯಿತು.

ಉದ್ಯಾನದ ಉಳಿದ ಅಂದಕ್ಕೂ ಸರಕಾರದ ತೀರ್ಮಾನವೊಂದು ಕಾರಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆ ಕೂಲಿ ಕೊಡಲು ತೆರೆದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಶಿಬಿರಗಳು ಇಲ್ಲೂ ಇದ್ದವು. ಅಂಚಿನ ಕಲ್ಲುಗೋಡೆ, ಮೆಟ್ಟಿಲು, ಕಾಲುದಾರಿಗಳಲ್ಲಿ ಬಹಳಷ್ಟು ಆ ಹುಡುಗರ ಕೈಕೆಲಸ. ಆ ಗೋಡೆ ದಾಟಿ ಸೆಲ್ಫಿಗೆ ನಿಲ್ಲುವುದು ಅಪಾಯ. ಕಾಲಡಿಯ ಶೇಲ್ ಯಾವಾಗ ಕಳಚಿಕೊಳ್ಳುತ್ತದೆಂದು ಹೇಳಲಾಗದು.

ಹೋಗುವವರು ಅಕ್ಟೋಬರ್ ಆರಿಸಿಕೊಂಡರೆ ಮೇಪಲ್ ಎಲೆಗಳ ಕೆಂಪು ಸಿಗುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರಿನ ಆರ್ಭಟ. ಬಹಳ ಮಂದಿ ದಕ್ಷಿಣದ ಜಲಪಾತಗಳನ್ನು ನೋಡಿ, ಫೋಟೊ ತೆಗೆದು ಕಾರು ತಿರುಗಿಸಿಬಿಡುತ್ತಾರೆ. ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಂಡು ಉತ್ತರ ತುದಿಯ ಅಣೆಕಟ್ಟನ್ನೂ ನೋಡಿ ಬರುವುದು ಒಳ್ಳೆಯದು. ಒಂದೇ ನದಿಯ ಮೇಲೆ ಒಂದು ಅಣೆಕಟ್ಟು ಬೇಡವೆಂದು, ಇನ್ನೊಂದು ಬೇಕೆಂದು ತೀರ್ಮಾನಿಸಲಾಯಿತು. ಯಾವುದು ಯಾರಿಗಾಗಿ, ಎಲ್ಲಿ, ಎಷ್ಟು ಎಂದು ಕೇಳಿದ್ದರಿಂದಲೇ ಜಲಪಾತವೂ ಉಳಿಯಿತು, ಊರೂ ಉಳಿಯಿತು. ಹೊಳೆಗೆ ಅಡ್ಡ ಕಟ್ಟುವ ಮಾತು ಬಂದಾಗ ಯಾವ ನಾಡಿನವರೂ ಕೇಳಬೇಕಾದ ಪ್ರಶ್ನೆಗಳು ಇವೇ.