ಕಸುವೂ ಮೈಕಟ್ಟೂ

ಒಬ್ಬ ಕವಿಯ ಅಥವಾ ವಿದ್ವಾಂಸನ ಗುರುಪರಂಪರೆಯನ್ನು ಹೇಳಬೇಕಾದಾಗ ನಮ್ಮ ಬರಹಗಾರರು ತಪ್ಪದೆ ಬಳಸುವ ಮಾತೊಂದುಂಟು: ‘ಇವರು ಇಂಥವರ ಗರಡಿಯಲ್ಲಿ ಪಳಗಿದವರು.’ ಹೀಗೆ ಬರೆಯುವವರಲ್ಲಿ ನಿಜವಾದ ಗರಡಿಯ ಹೊಸ್ತಿಲು ತುಳಿದವರು ಎಷ್ಟು ಮಂದಿಯೋ! ಆದರೂ ನುಡಿ ಅದನ್ನು ಬಿಟ್ಟುಕೊಟ್ಟಿಲ್ಲ. ಚುನಾವಣೆಗೆ ನಿಂತವನು ಅಖಾಡಕ್ಕೆ ಇಳಿಯುತ್ತಾನೆ, ಎದುರಾಳಿಗೆ ಸೆಡ್ಡು ಹೊಡೆಯುತ್ತಾನೆ, ಗೆದ್ದರೆ ಅವನಿಗೆ ಮಣ್ಣು ಮುಕ್ಕಿಸುತ್ತಾನೆ. ಹಟಮಾರಿ ಮಗು ಪಟ್ಟು ಹಿಡಿಯುತ್ತದೆ. ಸಂಧಾನಕ್ಕೆ ಬಂದವರು ಪಟ್ಟು ಸಡಿಲಿಸುತ್ತಾರೆ. ಕುಸ್ತಿಯ ಕಣ ಬರಿದಾದ ಮೇಲೂ ಅಲ್ಲಿಯ ಮಾತುಗಳು ಊರ ತುಂಬ ಓಡಾಡುತ್ತಿವೆ. ಒಂದು ಜನಾಂಗ ಯಾವುದನ್ನು ಒಮ್ಮೆ ಗೌರವಿಸಿತ್ತೆಂಬುದಕ್ಕೆ ಇದಕ್ಕಿಂತ ನಂಬತಕ್ಕ ಸಾಕ್ಷಿ ಬೇಕೆ?

ಗಂಡಸಿನ ದೇಹಬಲವನ್ನು ಕುರಿತು ಕನ್ನಡದಲ್ಲಿ ಎರಡು ಪದಗಳಿವೆ: ಕಸುವು ಮತ್ತು ಮೈಕಟ್ಟು. ಮೈಕಟ್ಟು ಕಣ್ಣಿಗೆ ಕಾಣುವಂಥದು. ಎದೆಯ ಹರವು, ತೋಳಿನ ತಿರುವು, ನಡುವಿನ ಬಿಗಿ ಎಲ್ಲವೂ ಅದರಲ್ಲಿ ಸೇರುತ್ತವೆ. ಕಸುವು ನಿಂತ ನಿಲವಿನಲ್ಲಿ ಕಾಣಿಸದು. ಮೂಟೆ ಎತ್ತಿದಾಗ, ಹೂತ ಗಾಡಿಯ ಚಕ್ರಕ್ಕೆ ಹೆಗಲು ಕೊಟ್ಟಾಗ, ಬಾವಿಗೆ ಬಿದ್ದವನನ್ನು ಮೇಲಕ್ಕೆಳೆದಾಗ ಮಾತ್ರ ಅದು ತಿಳಿಯುತ್ತದೆ. ನೆಲಕ್ಕೂ ಕಸುವುಂಟು, ಮಾತಿಗೂ ಕಸುವುಂಟು. ಮೈಕಟ್ಟು ಮೈಗೆ ಮಾತ್ರ. ಒಂದು ನೂರು ವರ್ಷಗಳಿಂದೀಚೆಗೆ ನಮ್ಮ ಗಂಡಸರ ಆದರ ಮೊದಲನೆಯ ಪದದಿಂದ ಎರಡನೆಯದಕ್ಕೆ ಮೆಲ್ಲಮೆಲ್ಲನೆ ಸರಿದಿದೆ. ಆ ಸರಿತದಲ್ಲಿ ನಾವು ಪಡೆದುದೇನು, ಕಳೆದುಕೊಂಡುದೇನು ಎಂಬುದು ವಿಚಾರಯೋಗ್ಯವಾದ ವಿಷಯ.

ನಮ್ಮ ಕಾವ್ಯಗಳು ಬಲವನ್ನು ಎಂದೂ ಹೀನೈಸಿದವಲ್ಲ. ರನ್ನನು ತನ್ನ ದೊರೆ ಸತ್ಯಾಶ್ರಯನನ್ನು ಹೊಗಳಲು ಭೀಮನನ್ನೇ ಆರಿಸಿಕೊಂಡು ‘ಸಾಹಸಭೀಮ ವಿಜಯ’ವನ್ನು ರಚಿಸಿದನು. ಆದರೆ ಬಲವನ್ನು ಮೆಚ್ಚುವ ಕವಿ ಅದನ್ನು ಒಂದು ಪ್ರಶ್ನೆಗೆ ಗುರಿಮಾಡದೆ ಬಿಡುವುದಿಲ್ಲ: ಈ ಬಲ ಯಾರ ಕರೆಗೆ ಓಗೊಡುತ್ತದೆ? ಕುಮಾರವ್ಯಾಸನ ಭೀಮನನ್ನು ನೋಡಿ. ದ್ಯೂತಸಭೆಯಲ್ಲಿ ಅವನ ತೋಳುಗಳಿಗೆ ಕೊರತೆಯೇನೂ ಇರಲಿಲ್ಲ. ಧರ್ಮಪಾಶ ಅವುಗಳನ್ನು ಕಟ್ಟಿಹಾಕಿತ್ತು. ಆ ಸಂಯಮದ ಬೆಲೆಯನ್ನು ತೆತ್ತವಳು ದ್ರೌಪದಿ. ಮುಂದೆ ವಿರಾಟನಗರಿಯಲ್ಲಿ ಅದೇ ಭೀಮ ವಲಲನೆಂಬ ಹೆಸರಿನಿಂದ ಅಡುಗೆಮನೆಯಲ್ಲಿ ಬಲವನ್ನು ಮರೆಸಿಕೊಂಡಿರುವಾಗ, ಕೀಚಕನಿಂದ ನೊಂದ ದ್ರೌಪದಿ ನಡುರಾತ್ರಿ ಬಂದು ಎಬ್ಬಿಸುವುದು ಅವನನ್ನೇ. ಐವರಲ್ಲಿ ಅವಳ ಕರೆಗೆ ಎದ್ದು ಬಂದವನು ಅವನು. ಭೀಮನ ಹಿರಿಮೆ ಅವನ ಗದೆಯ ತೂಕದಲ್ಲಿ ಇದೆಯೆನ್ನುವುದಕ್ಕಿಂತ ಈ ಎಚ್ಚರದಲ್ಲಿದೆ ಎನ್ನುವುದು ಹೆಚ್ಚು ಸರಿ.

ಜೈನಕವಿಗಳು ಈ ಪ್ರಶ್ನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೆಣಸುತ್ತಾರೆ. ಮೂರರಲ್ಲಿಯೂ ಗೆದ್ದ ತಮ್ಮನು ಕಡೆಯಲ್ಲಿ ಅಣ್ಣನನ್ನು ತೋಳುಗಳಿಂದ ಎತ್ತಿ ಹಿಡಿದಿದ್ದಾನೆ. ನೆಲಕ್ಕೆ ಅಪ್ಪಳಿಸಬಹುದು, ಆದರೆ ಅಪ್ಪಳಿಸುವುದಿಲ್ಲ. ಗೆದ್ದವನಿಗೇ ಗೆಲವಿನ ಮೇಲೆ ಹೇಸಿಕೆ ಹುಟ್ಟಿಬಿಡುತ್ತದೆ. 981ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ ಗೊಮ್ಮಟನ ಮೂರ್ತಿಯನ್ನು ಕಂಡವರಿಗೆಲ್ಲ ಒಂದು ಸಂಗತಿ ಹೊಳೆಯಬೇಕು. ಸುಮಾರು 58 ಅಡಿ ಎತ್ತರದ ಆ ಪುರುಷವಿಗ್ರಹದಲ್ಲಿ ಒಂದು ಮಾಂಸಖಂಡವೂ ಉಬ್ಬಿಲ್ಲ, ಒಂದು ನರವೂ ಸೆಟೆದಿಲ್ಲ. ಹೆಗಲು ವಿಶಾಲ, ತೋಳುಗಳು ನೀಳ, ಅವು ಇಳಿಬಿದ್ದಿವೆ. ಕಾಲಬುಡದಲ್ಲಿ ಹುತ್ತ, ತೊಡೆ ತೋಳುಗಳಿಗೆ ಬಳ್ಳಿ. ‘ಬಾಹುಬಲಿ’ ಎಂದರೆ ತೋಳ್ಬಲವುಳ್ಳವನು. ಅಂಥವನನ್ನು ಕಡೆಯಲು ಹೊರಟ ಶಿಲ್ಪಿ ಆ ತೋಳುಗಳು ಏನನ್ನೂ ಮಾಡದಿರುವ ಗಳಿಗೆಯನ್ನು ಆಯ್ದುಕೊಂಡನು. ಗ್ರೀಕರ ಹರ್ಕ್ಯುಲಿಸನನ್ನು ಕಡೆದ ಉಳಿಗೆ ಈ ಆಯ್ಕೆ ಹೊಳೆಯುವಂತಿರಲಿಲ್ಲ.

ಇದು ಕಾವ್ಯಶಿಲ್ಪಗಳ ಮಾತಾಯಿತು. ಲೋಕವ್ಯವಹಾರದಲ್ಲಿ ಬಲಸಾಧನೆ ಶಾಸ್ತ್ರವಾಗಿಯೇ ಬೆಳೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲು. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮಲ್ಲರಲ್ಲಿ ತರತಮ. ಅವರವರಿಗೆ ತಕ್ಕ ಆಹಾರ, ತಕ್ಕ ಸಾಧನೆ. ನಮ್ಮ ‘ಜಟ್ಟಿ’ ಪದ ಈ ‘ಜ್ಯೇಷ್ಠಿ’ಯ ತದ್ಭವವೆಂದು ಹೇಳುವುದುಂಟು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗನ್ನು ಬಣ್ಣಿಸಿದ್ದಾನೆ. ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿಯುವುದು, ಮೈಗೆಲ್ಲ ಅದೇ ಎಣ್ಣೆಯನ್ನು ಪೂಸಿಕೊಳ್ಳುವುದು, ಮಣ್ಣಿನ ಭಾರಗಳನ್ನು ತೋಳುಗಳಲ್ಲೆತ್ತಿ, ಬಳಿಕ ಕತ್ತಿವರಸೆ ನಡೆಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ದಣಿಯುವುದು, ಆಮೇಲೆ ಮಲ್ಲನೊಬ್ಬನೊಡನೆ ಕುಸ್ತಿ, ಕುದುರೆ ಸವಾರಿ. ‘ಆಮುಕ್ತಮಾಲ್ಯದಾ’ ರಚಿಸಿದ ಕೈ ಮತ್ತು ಭಾರವೆತ್ತಿದ ಕೈ ಒಂದೇ ಎಂಬುದು, ಶಕ್ತಿಗಿಂತ ಯುಕ್ತಿ ಮೇಲೆಂಬ ಗಾದೆಯ ನೆರಳಿನಲ್ಲಿ ಮೈಯನ್ನು ಮರೆತ ನಮ್ಮ ವಿದ್ಯಾವಂತರು ನೆನೆಯಬೇಕಾದ ಸಂಗತಿ.

ಅರಮನೆಯಿಂದ ಬೀದಿಗೆ ಬಂದರೆ ಕಾಣುವುದು ಗರಡಿಮನೆ. ಮೈಸೂರಿನ ಹಳೆಯ ಗರಡಿಗಳ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಾಗಿಸಿಯೇ ಒಳಹೊಗಬೇಕು. ಒಳಗೆ ಹನುಮನ ಮುಂದೆ ಒಂದು ದೀಪ, ಗೋಡೆಗೊರಗಿದ ಗದೆಗಳು, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಅರಿಸಿನ, ತುಪ್ಪ, ನಿಂಬೆಯ ರಸಗಳನ್ನು ಬೆರೆಸಿ ಹದಮಾಡುತ್ತಾರೆ. ಬೆಳಗಿನ ಮೊದಲ ವ್ಯಾಯಾಮ ಅದನ್ನು ಅಗೆದು ಸಡಿಲಗೊಳಿಸುವುದೇ. ಆಮೇಲೆ ದಂಡ, ಬಸ್ಕಿ. ಮಣ್ಣು ಬೆವರನ್ನು ಹೀರಿ ಹಿಡಿತ ಕೊಡುತ್ತದೆ, ಬಿದ್ದವನ ಮೂಳೆಯನ್ನು ಕಾಯುತ್ತದೆ. ಕಣಕ್ಕಿಳಿದವನು ಹಿಡಿ ಮಣ್ಣನ್ನು ಹಣೆಗೊತ್ತಿಕೊಂಡು ಎದುರಾಳಿಯ ಮೈಗೂ ಎರಚುತ್ತಾನೆ. ತನ್ನ ಹಿಡಿತಕ್ಕೆ ಬೇಕಾದುದನ್ನು ತಾನೇ ಅವನಿಗೂ ಕೊಟ್ಟಂತಾಯಿತು. ಕುಸ್ತಿ ಮುಗಿದ ಮೇಲೆ ಒಬ್ಬರ ಮೈಯನ್ನು ಒಬ್ಬರು ತಿಕ್ಕುತ್ತಾರೆ. ಗಮನಿಸಬೇಕಾದ ಮಾತೆಂದರೆ, ಗರಡಿಯಲ್ಲಿ ಪ್ರತಿಯೊಂದಕ್ಕೂ ಎರಡನೆಯವನೊಬ್ಬ ಬೇಕು. ಒಂಟಿಯಾಗಿ ಅಲ್ಲಿ ಯಾರೂ ಬಲಶಾಲಿಯಾಗಲಾರರು.

ಅಲ್ಲಿಯ ನುಡಿಯೂ ಹಾಗೆಯೇ ಹಲವು ಮೂಲಗಳಿಂದ ಬಂದು ಕೂಡಿದ್ದು. ಮಲ್ಲ, ಗದೆ, ದಂಡಗಳ ಪಕ್ಕದಲ್ಲಿ ಪೈಲ್ವಾನ್, ಉಸ್ತಾದ್, ಕುಸ್ತಿಗಳು ಪಾರಸಿಯಿಂದಲೂ ತಾಲೀಮು ಅರಬ್ಬಿಯಿಂದಲೂ ಬಂದು ಕುಳಿತಿವೆ. ಹನುಮನ ಸನ್ನಿಧಿಯಲ್ಲಿ ಉಸ್ತಾದನಿಗೆ ಕೈಮುಗಿಯುವುದರಲ್ಲಿ ಯಾರಿಗೂ ವಿರೋಧ ಕಾಣಲಿಲ್ಲ. ತುಳುನಾಡಿನಲ್ಲಿ ಕೋಟಿ ಚೆನ್ನಯರೆಂಬ ವೀರರ ಗರಡಿಗಳು ಆರಾಧನೆಯ ತಾಣಗಳೇ ಆದವು. ಉತ್ತರ ಕರ್ನಾಟಕದ ಊರುಗಳಲ್ಲಿ ಜಾತ್ರೆಯ ದಿನ ಸಂಗ್ರಾಣಿ ಕಲ್ಲು ಎತ್ತಿದವನ ಹೆಸರು ವರ್ಷವಿಡೀ ಜನರ ಬಾಯಲ್ಲಿ ಉಳಿಯುತ್ತದೆ. ಅವನ ತೋಳಿನ ಸುತ್ತಳತೆಯನ್ನು ಅಳೆದವರು ಮಾತ್ರ ಯಾರೂ ಇಲ್ಲ.

ಮೈಸೂರರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಈ ಪರಂಪರೆಯ ಉಗ್ರತೆಯೂ ಕಟ್ಟುಪಾಡೂ ಒಟ್ಟಿಗೆ ಮನದಟ್ಟಾಗುತ್ತವೆ. ತಲೆ ಬೋಳಿಸಿಕೊಂಡ ಇಬ್ಬರು, ಬೆರಳುಗಳಿಗೆ ತೊಡಿಸಿದ ಮೊನೆಯುಳ್ಳ ಮುಷ್ಟಿ, ಕೆಲವೇ ಗಳಿಗೆಗಳ ಸೆಣಸಾಟ. ಒಬ್ಬನ ತಲೆಯಿಂದ ರಕ್ತ ಕಾಣಿಸಿದೊಡನೆ ಕಾಳಗ ಮುಗಿಯಿತು. ಬಲ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಅಲ್ಲಿ ಮೊದಲೇ ಗೆರೆ ಎಳೆದು ತೋರಿಸಿದೆ.

ಹಾಗಾದರೆ ಕನ್ನಡಿ ಬಂದುದು ಎಲ್ಲಿಂದ? ಬ್ರಿಟಿಷರ ಆಳ್ವಿಕೆ ಈ ನಾಡಿನ ಜನರನ್ನು ಕಲಿಜಾತಿಗಳೆಂದೂ ಪುಕ್ಕಲರೆಂದೂ ಬೇರ್ಪಡಿಸಿ ಸೇನೆಗೆ ಆಳುಗಳನ್ನು ಆರಿಸುತ್ತಿತ್ತು. ಆಳಿಸಿಕೊಂಡವನು ತನ್ನ ಮೈಯನ್ನು ಆಳುವವನ ಕಣ್ಣಿನಿಂದ ನೋಡಿಕೊಂಡು ನಾಚಿದ ಕಾಲವದು. ಅದೇ ಹೊತ್ತಿನಲ್ಲಿ, 1904–05ರಲ್ಲಿ, ಯೂಜೀನ್ ಸ್ಯಾಂಡೋ ಎಂಬ ಜಗತ್ಪ್ರಸಿದ್ಧ ದೇಹದಾರ್ಢ್ಯಪಟು ಭಾರತದಲ್ಲಿ ಪ್ರದರ್ಶನಗಳನ್ನು ನೀಡಿದನು. ಅವನ ಹೆಸರು ನಮ್ಮಲ್ಲಿ ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಅಂಟಿಕೊಂಡಿದೆ. ಎರಡನೆಯವನ ಹಂಗಿಲ್ಲದೆ, ಕಬ್ಬಿಣದ ಗುಂಡುಗಳೊಡನೆ, ಕನ್ನಡಿಯ ಮುಂದೆ ಒಬ್ಬನೇ ನಿಂತು ಮೈ ಬೆಳೆಸಿ ಅದರ ಚಿತ್ರವನ್ನು ತೆಗೆಯಿಸಿಕೊಳ್ಳುವುದು ಹೊಸ ಮಾರ್ಗವಾಯಿತು.

ಈ ಅವಮಾನಕ್ಕೆ ಕನ್ನಡನಾಡು ಎರಡು ಬಗೆಯಲ್ಲಿ ಉತ್ತರಿಸಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ಥಾನೀ ಸೇವಾದಳವನ್ನು ಕಟ್ಟಿ, ತರುಣರಿಗೆ ಕವಾಯತನ್ನೂ ವ್ಯಾಯಾಮವನ್ನೂ ಕಲಿಸಿದರು. ಆ ಮೈ ಸಿದ್ಧವಾಗುತ್ತಿದ್ದುದು ಅಹಿಂಸೆಯ ಹೋರಾಟಕ್ಕೆ. ಲಾಠಿಯ ಏಟನ್ನು ತಿರುಗಿ ಕೈಯೆತ್ತದೆ ತಾಳುವುದಕ್ಕೆ. ಗೊಮ್ಮಟನ ಇಳಿಬಿದ್ದ ತೋಳುಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕಿಂತ ಒಳ್ಳೆಯ ಭಾಷ್ಯ ದೊರೆತಿಲ್ಲ.

ಇನ್ನೊಂದು ಉತ್ತರ ಬೆಂಗಳೂರಿನ ಕೆ. ವಿ. ಅಯ್ಯರ್ ಅವರದು. ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿದ ಅವರು ಸೂರ್ಯನಮಸ್ಕಾರ, ಹಠಯೋಗಗಳನ್ನು ಪಾಶ್ಚಾತ್ಯರ ಭಾರಸಾಧನೆಯೊಡನೆ ಬೆಸೆದರು. ಅಂಚೆಯ ಮೂಲಕವೂ ಶಿಷ್ಯರಿಗೆ ಪಾಠ ಕಳಿಸಿದರು. ಅವರ ಅಂಗಸೌಷ್ಠವದ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾದವು. ಕನ್ನಡಿಯ ಪಂಥಕ್ಕೆ ನಮ್ಮಲ್ಲಿ ಅವರೇ ಆಚಾರ್ಯರು. ಆದರೆ ‘ಶಾಂತಲಾ’ ಕಾದಂಬರಿಯ ಕರ್ತೃವೂ ಕೈಲಾಸಂ ಅವರ ಆಪ್ತಮಿತ್ರರೂ ಆದ ಅಯ್ಯರ್, ಕನ್ನಡಿಯ ಮಿತಿಯನ್ನು ಅರಿಯದವರಲ್ಲ. ಅವರ ‘ರೂಪದರ್ಶಿ’ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ದೊರೆತ ಮಗುವೇ ಎಷ್ಟೋ ವರ್ಷಗಳ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ಮನುಷ್ಯರೂಪವನ್ನು ಜೀವಮಾನವಿಡೀ ತಿದ್ದಿದ ಕೈ ಬರೆದ ಕಥೆಯಿದು. ಒಳಗಿನದು ಕೆಟ್ಟರೆ ರೂಪ ನಿಲ್ಲದೆಂಬುದನ್ನು ಬಲ್ಲ ಗುರು ಅವರು.

ಶಿಷ್ಯರ ಮಾತು ಬೇರೆಯಾಯಿತು. ಇಂದು ಬಡಾವಣೆಗೊಂದರಂತೆ ಜಿಮ್ಮುಗಳಿವೆ. ತರುಣರು ದುಡಿದ ಮೈಯಿಂದ ಬೆವರು ಸುರಿಸುತ್ತಿದ್ದಾರೆ. ಇದನ್ನು ಕಂಡು ಮೂಗು ಮುರಿಯುವುದು ತರವಲ್ಲ. ಭಾರವೆತ್ತುವುದರಿಂದ ಎಲುಬು ಗಟ್ಟಿಯಾಗುತ್ತದೆ, ಸಕ್ಕರೆ ಕಾಯಿಲೆ ದೂರವಿರುತ್ತದೆ ಎಂದು ವೈದ್ಯರೇ ಹೇಳುತ್ತಾರೆ. ಆದರೆ ನಮ್ಮ ತರಗತಿಗಳಲ್ಲಿ ಸಣಕಲು ಹುಡುಗನನ್ನು ‘ಕಡ್ಡಿ ಪೈಲ್ವಾನ್’ ಎಂದು ಗೆಳೆಯರು ಕರೆದಾಗ ಅವನೂ ನಗುತ್ತಾನೆ. ಆ ನಗೆ ತುಟಿಯಿಂದ ಮೇಲಕ್ಕೆ ಏರುವುದಿಲ್ಲ. ಹಾಗೆ ನಕ್ಕವನೇ ಮೂರು ತಿಂಗಳಲ್ಲಿ ಮೂರು ವರ್ಷದ ಮೈಯನ್ನು ಬಯಸಿ, ವೈದ್ಯರ ಕಣ್ತಪ್ಪಿಸಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುತ್ತಾನೆ. ಗಂಡಸುತನ ತೋರಲೆಂದು ತೆಗೆದುಕೊಂಡ ಆ ಮದ್ದು ದೇಹವು ತಾನೇ ತಯಾರಿಸುವ ಪುರುಷಸ್ರಾವವನ್ನು ನಿಲ್ಲಿಸುತ್ತದೆ, ವೃಷಣಗಳನ್ನು ಕುಗ್ಗಿಸುತ್ತದೆ, ಹೃದಯದ ಗೋಡೆಯನ್ನು ದಪ್ಪವಾಗಿಸುತ್ತದೆ. ಮೈಕಟ್ಟಿಗಾಗಿ ಕಸುವನ್ನೇ ಮಾರಿದಂತೆ!

ಹಳೆಯದೆಲ್ಲ ಹೊನ್ನೆಂದು ಹೇಳುವ ಇರಾದೆ ಇಲ್ಲಿಲ್ಲ. ದೊರೆಗಳ ಮನರಂಜನೆಗೆ ಮಲ್ಲರು ಮೂಳೆ ಮುರಿದುಕೊಂಡರು. ಮುಪ್ಪಿನಲ್ಲಿ ಅವರ ಕೈ ಹಿಡಿದವರು ಕಡಮೆ. ಗರಡಿಯ ಗಿಡ್ಡ ಬಾಗಿಲು ಹೆಣ್ಣಿಗೆ ಬಹುಕಾಲ ಮುಚ್ಚಿಯೇ ಇತ್ತು. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುವುದು ಈಚಿನ ಮಾತು. ಎಲ್ಲಕ್ಕಿಂತ ಮಿಗಿಲಾಗಿ, ಮಂಡಿಯಲ್ಲಿ ದಿನವಿಡೀ ಮೂಟೆ ಹೊರುವ ಹಮಾಲಿಯ ಕಸುವನ್ನು ಯಾವ ಕಾಲವೂ ಕಸುವೆಂದು ಹೊಗಳಲಿಲ್ಲ. ಅವನ ಬೆನ್ನನ್ನು ಯಾವ ಕವಿಯೂ ಬಣ್ಣಿಸಲಿಲ್ಲ, ಯಾವ ಶಿಲ್ಪಿಯೂ ಕಡೆಯಲಿಲ್ಲ. ಮನೆಗೆ ಬಂದ ಅಕ್ಕಿಯ ಮೂಟೆಯನ್ನು ಮಾಳಿಗೆಗೇರಿಸಲು ಕೂಲಿಯವನನ್ನು ಕರೆದು, ಆ ಸಂಜೆಯೇ ಶುಲ್ಕ ತೆತ್ತು ಕಬ್ಬಿಣ ಎತ್ತಲು ಹೋಗುವ ನಮ್ಮ ನಡತೆಯಲ್ಲಿ ನಗೆಗೂ ನಾಚಿಕೆಗೂ ಎಡೆಯುಂಟು.

ಆದುದರಿಂದ ಗರಡಿಗೆ ಮರಳಿರೆಂದು ತರುಣರಿಗೆ ಉಪದೇಶ ಬೇಕಿಲ್ಲ. ಕಬ್ಬಿಣವಾದರೇನು, ಕೆಮ್ಮಣ್ಣಾದರೇನು, ಬೆವರಿನ ರುಚಿ ಒಂದೇ. ಜಿಮ್ಮಿನ ಗೋಡೆಯ ಉದ್ದಕ್ಕೂ ಕನ್ನಡಿಯಿರಲಿ. ಅದು ಮೈಕಟ್ಟಿನ ಲೆಕ್ಕವನ್ನು ಚೆನ್ನಾಗಿ ಒಪ್ಪಿಸುತ್ತದೆ. ಕಸುವಿನ ಲೆಕ್ಕವನ್ನು ಕೇಳುವವರು ಬೇರೆ ಇದ್ದಾರೆ: ಹಾಸಿಗೆ ಹಿಡಿದ ತಂದೆಯನ್ನು ಎತ್ತಿ ಕೂರಿಸಬೇಕಾದ ಮನೆ, ಇರುಳಲ್ಲಿ ಹೆದರಿ ಬಾಗಿಲು ತಟ್ಟುವ ನೆರೆಯವರು, ಗುಂಪು ಒಬ್ಬನನ್ನು ಬಡಿಯುತ್ತಿರುವಾಗ ನಡುವೆ ಬಂದು ನಿಲ್ಲುವವನಿಗಾಗಿ ಹುಡುಕುವ ಬೀದಿ. ವಿರಾಟನ ಅಡುಗೆಮನೆಯಲ್ಲಿ ಭೀಮನನ್ನು ಎಬ್ಬಿಸಿದ ಕೈ ಇನ್ನೂ ಯಾವ ಯಾವ ಬಾಗಿಲನ್ನೋ ತಟ್ಟುತ್ತಲೇ ಇದೆ. ಒಳಗಿರುವವನು ಎದ್ದು ಬಂದರೆ, ಅವನ ತೋಳಿನ ಸುತ್ತಳತೆಯನ್ನು ಯಾರೂ ಕೇಳಲಾರರು.